ಪರಸಿ ಕಲ್ಲಿನ ಪಡಸಾಲೆ: ಕಲಬುರಗಿಯ ಒಳಾಂಗಣ ವಿನ್ಯಾಸಗಾರ್ತಿಯೊಬ್ಬರ ಪ್ರಕರಣ ಅಧ್ಯಯನ

ಕಲಬುರಗಿಯ ಹಳೆಯ ಊರಿನ ಭಾಗದಲ್ಲಿರುವ ಒಂದು ತುಂಬು ಕುಟುಂಬದ ಮನೆಯನ್ನು ಒಳಗಿನಿಂದ ಹೊಸದಾಗಿಸಿದ ಕೆಲಸವನ್ನು ಈ ಬರಹ ಪರಿಶೀಲಿಸುತ್ತದೆ. ಒಬ್ಬ ವಿನ್ಯಾಸಗಾರ್ತಿಯ ವೃತ್ತಿ, ಶೈಲಿ ಮತ್ತು ಸ್ಫೂರ್ತಿಯ ಮೂಲಗಳ ಬಗ್ಗೆ ಬಿಡಿಬಿಡಿಯಾಗಿ ಬರೆಯುವುದು ಸುಲಭ. ಆದರೆ ಮನೆಯವರ ಹಟ, ಕಟ್ಟಡ ಕಟ್ಟುವ ಗೌಂಡಿಯ ಅನುಭವ, ಬೇಸಿಗೆಯ ಬಿಸಿಲು ಮತ್ತು ಕೈಯಲ್ಲಿರುವ ಹಣ ಇವೆಲ್ಲ ಒಂದೇ ಕಡೆ ಎದುರಾದಾಗ ಆ ಶೈಲಿ ಏನು ಮಾಡುತ್ತದೆ ಎಂಬುದು ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಾಗ ಮಾತ್ರ ತಿಳಿಯುತ್ತದೆ. ವಿನ್ಯಾಸಗಾರ್ತಿಯ ಮತ್ತು ಮನೆಯವರ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಈ ಭಾಗದ ಹಳೆಯ ಕಟ್ಟಡಗಳಿಂದ ವಿನ್ಯಾಸಗಾರ್ತಿ ಪಡೆದದ್ದು ಆ ಕಟ್ಟಡಗಳು ಹಾಗೆ ಕಟ್ಟಲ್ಪಟ್ಟದ್ದರ ಕಾರಣಗಳನ್ನು, ಅವುಗಳ ಚಿತ್ತಾರಗಳನ್ನು ಬಹಳ ಕಡಿಮೆ. ಅವರ ಶೈಲಿಯ ಬಲ ಇದರಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಅವರ ತಂದೆ ಚಿತ್ತಾಪುರ ಕಡೆಯ ಗೌಂಡಿ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಮುತ್ತ ನೆಲದಡಿಯಲ್ಲಿ ಪದರ ಪದರವಾಗಿ ಹಾಸಿಕೊಂಡಿರುವ ಸುಣ್ಣಕಲ್ಲು ಈ ಭಾಗದ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತುವಾದಂತೆ, ಮನೆಗಳಿಗೆ ನೆಲವೂ ಹೌದು, ಚಾವಣಿಯ ಹಾಸೂ ಹೌದು. ಅದನ್ನೇ ಜನ ಪರಸಿ ಎನ್ನುತ್ತಾರೆ, ಹೊರಗಿನವರು ಶಹಾಬಾದ ಕಲ್ಲು ಎನ್ನುತ್ತಾರೆ. ಆ ಕಲ್ಲಿನ ಪದರ ಎಲ್ಲಿ ಬಿಡುತ್ತದೆ, ಉಳಿ ಹೊಡೆದಾಗ ಬರುವ ಸದ್ದಿನಿಂದ ಒಳಬಿರುಕನ್ನು ಹೇಗೆ ಗುರುತಿಸಬೇಕು ಎಂಬುದನ್ನು ಅವರು ಶಾಲೆಗೆ ಹೋಗುವ ವಯಸ್ಸಿನಲ್ಲೇ ಕಂಡಿದ್ದರು. ಮುಂದೆ ಕಲಬುರಗಿಯಲ್ಲಿ ಚಿತ್ರಕಲೆಯನ್ನೂ ಹೈದರಾಬಾದಿನಲ್ಲಿ ಒಳಾಂಗಣ ವಿನ್ಯಾಸವನ್ನೂ ಕಲಿತು, ಅಲ್ಲಿಯೇ ಒಂದು ಸಂಸ್ಥೆಯಲ್ಲಿ ಅಪಾರ್ಟ್‌ಮೆಂಟುಗಳ ಒಳಾಂಗಣ ಮಾಡುತ್ತಾ ಕೆಲವು ವರ್ಷ ಕಳೆದರು. ಪ್ಲೈವುಡ್‌ನ ದರ್ಜೆಗಳು, ಕೀಲುಗಳ ಬಾಳಿಕೆ, ವೈರಿಂಗ್ ನಕ್ಷೆ, ಕೆಲಸದ ವೇಳಾಪಟ್ಟಿ ಇವುಗಳ ಶಿಸ್ತನ್ನು ಕಲಿಸಿದ್ದು ಆ ನೌಕರಿ. ಒಂದೇ ಬಗೆಯ ಬೂದುಬಿಳಿ ಕೋಣೆಗಳನ್ನು ಮತ್ತೆ ಮತ್ತೆ ಮಾಡಿಸಿದ್ದೂ ಅದೇ ನೌಕರಿ. ಊರಿಗೆ ಮರಳಿದ ಮೇಲೆ ಮೊದಲು ಸಿಕ್ಕಿದ್ದು ಸೀರೆ ಅಂಗಡಿ, ದಂತವೈದ್ಯರ ಕ್ಲಿನಿಕ್, ಮದುವೆ ಮಂಟಪದ ಊಟದ ಹಾಲ್ ಇಂಥವು.

ಈ ವೃತ್ತಿಯ ಸ್ಥಿತಿಯ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ವಾಸ್ತುಶಿಲ್ಪಿ ಎಂದು ಕರೆದುಕೊಳ್ಳಲು 1972ರ ವಾಸ್ತುಶಿಲ್ಪಿಗಳ ಕಾಯಿದೆಯಡಿ ನೋಂದಣಿ ಕಡ್ಡಾಯ. ಒಳಾಂಗಣ ವಿನ್ಯಾಸಕರಿಗೆ ಅಂಥ ಶಾಸನಬದ್ಧ ನೋಂದಣಿ ಇಲ್ಲ. ಹೀಗಾಗಿ ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು, ಗ್ರಾಹಕನಿಗೆ ಅಳತೆಗೋಲು ಸಿಗುವುದಿಲ್ಲ. ನಕ್ಷೆಗೆ ಹಣ ಕೊಡುವ ರೂಢಿ ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಗಟ್ಟಿಯಾಗಿ ಬೇರೂರಿಲ್ಲವಾದ್ದರಿಂದ ಎಷ್ಟೋ ಮಂದಿಯ ಗಳಿಕೆ ಟೈಲ್ಸ್, ಲ್ಯಾಮಿನೇಟ್, ಲೈಟು ಮಾರುವವರು ಕೊಡುವ ಕಮಿಷನ್ನಿನ ಮೇಲೆ ನಿಂತಿದೆ. ಕಮಿಷನ್ನಿನ ಮೇಲೆ ಬದುಕುವ ವಿನ್ಯಾಸಕ ಹಳೆಯ ಕಲ್ಲನ್ನು ಉಳಿಸಿಕೊಳ್ಳಿ ಎಂದು ಹೇಳುವುದು ಕಷ್ಟ, ಏಕೆಂದರೆ ಉಳಿಸಿಕೊಂಡ ಕಲ್ಲಿಗೆ ಬಿಲ್ಲಿಲ್ಲ. ನಾನು ಬರೆಯುತ್ತಿರುವ ವಿನ್ಯಾಸಗಾರ್ತಿ ಅಂಗಡಿಗಳಿಂದ ಏನನ್ನೂ ಪಡೆಯುವುದಿಲ್ಲ, ನಕ್ಷೆಗೂ ಮೇಲ್ವಿಚಾರಣೆಗೂ ಬೇರೆ ಬೇರೆ ಶುಲ್ಕ ಕೇಳುತ್ತಾರೆ. ಇದರಿಂದ ಆರಂಭದಲ್ಲಿ ಕೆಲವು ಕೆಲಸಗಳು ಕೈತಪ್ಪಿದವು. ಅವರ ಶೈಲಿಯನ್ನು ಅರ್ಥ ಮಾಡಿಕೊಳ್ಳಲು ಈ ವ್ಯವಹಾರದ ಸಂಗತಿ ಅವರ ರುಚಿಯಷ್ಟೇ ಮುಖ್ಯ.

ಈಗ ಮನೆಗೆ ಬರೋಣ. ಎರಡೂ ಬದಿಗೆ ಪಕ್ಕದ ಮನೆಗಳಿಗೆ ಅಂಟಿಕೊಂಡ, ಮುಂದೆ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕೊನೆಯಲ್ಲಿ ಹಿತ್ತಲು ಇರುವ ಮನೆ ಅದು. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಕಲ್ಲುಹಾಸು, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಪಡಸಾಲೆಯ ನಡುವೆ ಒಂದು ಬೆಳಕಿಂಡಿ. ನಿವೃತ್ತ ಶಿಕ್ಷಕರು, ಅವರ ಪತ್ನಿ, ಎಂಬತ್ತು ದಾಟಿದ ತಾಯಿ, ಹಿರಿಯ ಮಗ ಸೊಸೆ ಮತ್ತು ಮಕ್ಕಳು ಅಲ್ಲಿ ವಾಸವಾಗಿದ್ದಾರೆ. ಕಿರಿಯ ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಹಣ ಹಾಕುವವರು ಅವರೇ, ಫೋನಿನಲ್ಲಿ ಚಿತ್ರಗಳನ್ನು ಕೂಡಿಸಿಟ್ಟುಕೊಂಡವರೂ ಅವರೇ. ಅವರ ಬೇಡಿಕೆಗಳು ಸ್ಪಷ್ಟವಾಗಿದ್ದವು: ನೆಲಕ್ಕೆ ಹೊಳೆಯುವ ದೊಡ್ಡ ವಿಟ್ರಿಫೈಡ್ ಟೈಲ್ಸ್, ಇಡೀ ಮನೆಗೆ ಫಾಲ್ಸ್ ಸೀಲಿಂಗ್, ಬೆಳಕಿಂಡಿಯ ಜಾಗದಲ್ಲಿ ಅಗಲವಾದ ಗಾಜು, ಮಾಡ್ಯುಲರ್ ಅಡುಗೆಮನೆ. ಇದಕ್ಕೆ ಎದುರು ಬಂದದ್ದು ಅಜ್ಜಿಯ ಒಂದೇ ಮಾತು. ಅಳತೆ ತೆಗೆಯಲು ಬಂದ ವಿನ್ಯಾಸಗಾರ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಯವ್ವಾ, ಈ ಪರಸಿ ಮ್ಯಾಲ ನಮ್ಮತ್ತಿ ಜ್ವಾಳ ಹಸನ ಮಾಡ್ಯಾರ. ಬ್ಯಾಸಗ್ಯಾಗ ನಾವೆಲ್ಲ ಇದರ ಮ್ಯಾಲೇ ಮಲಗತೀವಿ. ಇದನ್ನ ಹೊರಗ ಒಗದ್ರ ಮನಿ ಬ್ಯಾರೇಯವರದಾಗ್ತದ” ಎಂದರು.

ಅಜ್ಜಿಯ ಮಾತಿನ ಎರಡನೆಯ ವಾಕ್ಯವನ್ನು ವಿನ್ಯಾಸಗಾರ್ತಿ ತಮ್ಮ ವಾದವನ್ನಾಗಿ ಮಾಡಿಕೊಂಡರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ದಪ್ಪ ಗೋಡೆ ಮತ್ತು ನೆಲಕ್ಕೆ ನೇರವಾಗಿ ಕೂತ ಕಲ್ಲು ಹಗಲಿನ ಕಾವನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತು ಒಳಗೆ ಮಲಗಲು ಸಾಧ್ಯವಾಗುತ್ತದೆ. ಹಳೆಯ ಕಲ್ಲಿನ ಮೇಲೆಯೇ ಗಾರೆ ಹಾಕಿ ಟೈಲ್ಸ್ ಕೂರಿಸಿದರೆ ನೆಲ ತಕ್ಷಣ ಬಿಸಿಯಾಗಿಬಿಡುತ್ತದೆ ಎಂದೇನಲ್ಲ, ಅವರು ಹಾಗೆ ಹೇಳಲೂ ಇಲ್ಲ. ಅವರು ತೋರಿಸಿದ್ದು ಬೇರೆ: ನೆಲ ಎರಡು ಅಂಗುಲ ಏರಿದರೆ ಎಲ್ಲ ಹಳೆಯ ಬಾಗಿಲುಗಳನ್ನೂ ಕೆಳಗೆ ಕೊಯ್ಯಬೇಕಾಗುತ್ತದೆ, ಹೊಸ್ತಿಲು ಮುಳುಗುತ್ತದೆ, ನಯವಾದ ಟೈಲ್ಸ್ ಮೇಲೆ ನೀರು ಬಿದ್ದರೆ ವಯಸ್ಸಾದವರು ಜಾರುತ್ತಾರೆ, ಹೊಳಪಿನ ಮೇಲೆ ಕರಿಮಣ್ಣಿನ ನಾಡಿನ ಧೂಳು ದಿನಕ್ಕೆರಡು ಬಾರಿ ಎದ್ದು ಕಾಣುತ್ತದೆ. ಕಿರಿಯ ಮಗ ಒಪ್ಪಿದ್ದು ಬಾಗಿಲುಗಳ ಲೆಕ್ಕ ಕೇಳಿದ ಮೇಲೆ. ಆ ತೇಗದ ಬಾಗಿಲುಗಳ ಬಗ್ಗೆ ಅವರಿಗೂ ಅಭಿಮಾನವಿತ್ತು.

ಆದರೆ ಕಲ್ಲು ಇದ್ದಂತೆಯೇ ಇರಲು ಸಾಧ್ಯವಿರಲಿಲ್ಲ. ಕೆಲವು ಕಡೆ ಅದು ಕುಸಿದಿತ್ತು, ಸಂದುಗಳಿಗೆ ತುಂಬಿದ್ದ ಸಿಮೆಂಟು ಎದ್ದು ಬಂದಿತ್ತು, ಒಲೆಯ ಬಳಿ ಎಣ್ಣೆ ಇಳಿದು ಕಪ್ಪಾಗಿತ್ತು. ಪ್ರತಿ ಕಲ್ಲಿಗೂ ಸೀಮೆಸುಣ್ಣದಿಂದ ಅಂಕಿ ಹಾಕಿಸಿ, ಹಾಗೆಯೇ ಒಂದು ನಕ್ಷೆ ಬರೆದುಕೊಂಡು, ಕಲ್ಲುಗಳನ್ನು ಎಬ್ಬಿಸಿ ಹಿತ್ತಲಲ್ಲಿ ಒರಗಿಸಿ ನಿಲ್ಲಿಸಲಾಯಿತು. ಅಡಿಯಲ್ಲಿ ನೆಲವನ್ನು ಗಟ್ಟಿಮಾಡಿ, ಅಂಚುಗಳನ್ನು ನೇರ ಕೊಯ್ಯಿಸಿ, ಸಂದುಗಳನ್ನು ಸಣ್ಣಗೆ ಮಾಡಿ ಮತ್ತೆ ಹಾಸಿದರು. ಒಡೆದುಹೋದವುಗಳ ಬದಲಿಗೆ ಶಹಾಬಾದಿನಿಂದ ತಂದ ಹೊಸ ಕಲ್ಲಿನ ಬಣ್ಣ ಹೆಚ್ಚು ನೀಲಿ, ಹಳೆಯದು ಕಾಲಿಗೆ ಸವೆದು ಹಳದಿ ಬೂದಾಗಿತ್ತು. ಹೊಸದನ್ನು ಹಳೆಯದರ ನಡುವೆ ಅಲ್ಲಲ್ಲಿ ಸೇರಿಸಿದ್ದರೆ ಅದು ತೇಪೆಯಂತೆ ಕಾಣುತ್ತಿತ್ತು. ಅದಕ್ಕಾಗಿ ಅವರು ಹಳೆಯ ಕಲ್ಲುಗಳನ್ನೆಲ್ಲ ಪಡಸಾಲೆಯ ನಡುವಿಗೆ ಕೂಡಿಸಿ, ಹೊಸದನ್ನು ಗೋಡೆಯುದ್ದಕ್ಕೂ ಒಂದು ಪಟ್ಟಿಯಾಗಿ ಓಡಿಸಿದರು. ನೋಡಿದವರು ಅದನ್ನು ಬೇಕೆಂದೇ ಮಾಡಿದ ಅಲಂಕಾರ ಎಂದುಕೊಳ್ಳುತ್ತಾರೆ. ಪಾಲಿಶ್‌ ಮಾಡುವವರು ಕನ್ನಡಿಯಂತೆ ಹೊಳಪು ಬರಿಸಲು ಮುಂದಾದಾಗ ಅವರು ತಡೆದರು. ಒರಟು ಹೋಗಿ ಮಾಸಲು ನಯ ಬಂದ ಹಂತಕ್ಕೆ ಯಂತ್ರ ನಿಂತಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಿರ್ಧಾರ ಇದು.

ಅಡುಗೆಮನೆಯಲ್ಲಿ ಅದೇ ಕಲ್ಲನ್ನು ಅವರು ಒಲ್ಲೆ ಎಂದರು. ಪರಸಿ ಸುಣ್ಣಕಲ್ಲಾದ್ದರಿಂದ ಹುಣಸೆ ರಸ, ನಿಂಬೆ, ಮಜ್ಜಿಗೆಗಳ ಹುಳಿ ಅದನ್ನು ತಿನ್ನುತ್ತದೆ. ಹೊಳಪು ಹೋದ ಮಚ್ಚೆ ಮತ್ತೆ ತೊಳೆದರೆ ಹೋಗುವಂಥದ್ದಲ್ಲ. ತೊಟ್ಟಿಯ ಬಳಿ, ಹೆಚ್ಚುವ ಜಾಗದಲ್ಲಿ ಕರಿ ಗ್ರಾನೈಟ್ ಬಂತು. ತಮಗೆ ಅಷ್ಟು ಪ್ರಿಯವಾದ ಕಲ್ಲನ್ನು ಅದು ಒಗ್ಗದ ಜಾಗದಿಂದ ದೂರವಿಟ್ಟಿದ್ದು ಅವರ ಶೈಲಿಯ ಒಂದು ಮುಖ್ಯ ಲಕ್ಷಣ.

ಅಡುಗೆಮನೆಯ ನಿಜವಾದ ಸಮಸ್ಯೆ ರೊಟ್ಟಿಯದು. ಮಾಡ್ಯುಲರ್ ಅಡುಗೆಮನೆಗಳ ಕಟ್ಟೆ ಸಾಮಾನ್ಯವಾಗಿ 32ರಿಂದ 36 ಅಂಗುಲ ಎತ್ತರ ಇರುತ್ತದೆ. ಆ ಅಳತೆ ಹೆಚ್ಚಲು, ಕಲಸಲು, ಪಾತ್ರೆ ಇಡಲು ಸರಿಹೋಗುತ್ತದೆ. ಜೋಳದ ರೊಟ್ಟಿ ಬಡಿಯುವ ಕೈ ಮೇಲಿನಿಂದ ಇಳಿಯಬೇಕು, ಮೈಯ ಭಾರ ಅಂಗೈಗೆ ಬರಬೇಕು, ಹಿಟ್ಟು ತಿರುಗುತ್ತಾ ಅಗಲವಾಗಬೇಕು. ಎತ್ತರದ ಕಟ್ಟೆಯ ಮೇಲೆ ಈ ಕೆಲಸ ಮಾಡಿದರೆ ಹೊರೆಯೆಲ್ಲ ಭುಜಕ್ಕೆ ಬೀಳುತ್ತದೆ. ಜೊತೆಗೆ ನಿತ್ಯ ಬಡಿತದ ಅದುರು ಪ್ಲೈವುಡ್ ಕಪಾಟುಗಳ ಕೀಲುಗಳನ್ನು ಸಡಿಲಗೊಳಿಸುತ್ತದೆ, ಹಿಟ್ಟಿನ ಪುಡಿ ಡ್ರಾಯರಿನ ಹಳಿಗಳಿಗೆ ಇಳಿಯುತ್ತದೆ. ಹಿರಿಯ ಸೊಸೆ ಈ ಮೊದಲು ನೆಲದ ಮೇಲೆ ಕೂತು ರೊಟ್ಟಿ ಮಾಡುತ್ತಿದ್ದರು, ಮಂಡಿನೋವಿನಿಂದ ಈಗ ನಿಂತೇ ಮಾಡಬೇಕಿತ್ತು. ವಿನ್ಯಾಸಗಾರ್ತಿ ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ, ಮೇಲೆ ರೊಟ್ಟಿ ಬಡಿಯುವ ಕಲ್ಲನ್ನಿರಿಸಿ, ಸೊಸೆಯ ಕೈಯಲ್ಲಿ ನಿಜವಾಗಿ ರೊಟ್ಟಿ ಬಡಿಸಿದರು. “ಇನ್ನೊಂದ್ ಇಟ್ಟಂಗಿ ತೆಗೀರಿ ಮೇಡಂ, ಭುಜಕ್ಕ ಬರ್ತದ” ಎಂದಾಗ ಒಂದು ಇಟ್ಟಿಗೆ ತೆಗೆದರು. ಮತ್ತೆ ಬಡಿದು, “ಈಗ ನಡಾ ಬಗ್ತದ” ಎಂದಾಗ ತೆಳುವಾದ ಹಲಗೆಯೊಂದನ್ನು ಸೇರಿಸಿದರು. ಕೊನೆಗೆ ಅಳತೆಪಟ್ಟಿ ಹಿಡಿದಾಗ 28 ಅಂಗುಲ ಬಂತು. ಆ ಎತ್ತರಕ್ಕೆ ಕಿಟಕಿಯ ಪಕ್ಕದಲ್ಲಿ ಪ್ರತ್ಯೇಕವಾದ ರೊಟ್ಟಿ ಕಟ್ಟೆ ಕಟ್ಟಲಾಯಿತು. ಅದರ ಕೆಳಗೆ ಕಪಾಟಿಲ್ಲ, ಇಟ್ಟಿಗೆಯ ಎರಡು ಕಂಬಗಳ ಮೇಲೆ ದಪ್ಪ ಪರಸಿ ಹಲಗೆ ಕೂತಿದೆ, ನಡುವಿನ ಖಾಲಿ ಜಾಗದಲ್ಲಿ ಹಿಟ್ಟಿನ ಡಬ್ಬಿ ನಿಲ್ಲುತ್ತದೆ. ಒಲೆಯೂ ಅದೇ ಮಟ್ಟಕ್ಕೆ ಇಳಿದಿದ್ದರಿಂದ ಬಡಿದ ರೊಟ್ಟಿಯನ್ನು ಎತ್ತದೆ ಹಂಚಿಗೆ ಸಾಗಿಸಬಹುದು. ಹುಳಿ ತಾಗದ, ಬರೀ ಒಣಹಿಟ್ಟು ಬೀಳುವ ಜಾಗವಾದ್ದರಿಂದ ಇಲ್ಲಿ ಪರಸಿಗೆ ತೊಂದರೆಯಿಲ್ಲ. ಉಳಿದ ಗೋಡೆಗೆ ಮಗ ಬಯಸಿದ ಮಾಡ್ಯುಲರ್ ಕಪಾಟುಗಳೇ ಬಂದವು.

ಬೆಳಕಿಂಡಿಯ ಪ್ರಶ್ನೆಯಲ್ಲಿ ಅವರ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಭಾರತದ ಬಹುತೇಕ ಜಾಮಾ ಮಸೀದಿಗಳ ನಡುವಿರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡ ಗುಮ್ಮಟಗಳ ಚಾವಣಿಯಡಿಯಲ್ಲಿದೆ. ಬೆಳಕು ಬರುವುದು ಸುತ್ತಲಿನ ಅಗಲವಾದ ಕಮಾನುಗಳಿಂದ ಮತ್ತು ದೊಡ್ಡ ಗುಮ್ಮಟದ ಬುಡದ ಕಿಟಕಿಗಳಿಂದ. ಹೀಗಾಗಿ ಒಳಗೆ ಬಂದ ಬೆಳಕು ನೆಲಕ್ಕೂ ಗೋಡೆಗೂ ತಾಗಿ ಹರಡಿಕೊಳ್ಳುತ್ತದೆಯೇ ಹೊರತು ನೆತ್ತಿಯ ಮೇಲೆ ನೇರವಾಗಿ ಬೀಳುವುದಿಲ್ಲ. ಬಿರುಬಿಸಿಲಿನ ಊರಿಗೆ ಇದಕ್ಕಿಂತ ಸರಿಯಾದ ಪಾಠ ಬೇರೆ ಬೇಕಿಲ್ಲ ಎಂಬುದು ವಿನ್ಯಾಸಗಾರ್ತಿಯ ನಂಬಿಕೆ, ನನ್ನದೂ ಹೌದು. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ, ಅಂದರೆ ಧಗೆ ಏರಿದ ದಿನಗಳಲ್ಲೇ, ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಚಪ್ಪಟೆ ಗಾಜು ಹಾಕಿದ್ದರೆ ಅಷ್ಟೂ ಬಿಸಿಲು ಪಡಸಾಲೆಗೆ ಇಳಿಯುತ್ತಿತ್ತು. ಅವರು ಬೆಳಕಿಂಡಿಯನ್ನು ಎರಡೂವರೆ ಅಡಿ ಎತ್ತರಿಸಿ, ಮೇಲೆ ಮುಚ್ಚಿ, ಉತ್ತರದ ಗೋಡೆಯಲ್ಲಿ ನೆಟ್ಟಗೆ ನಿಂತ ಗಾಜನ್ನೂ ದಕ್ಷಿಣದಲ್ಲಿ ಬಿಸಿಗಾಳಿ ಹೊರಹೋಗುವ ಜಾಲರಿಯನ್ನೂ ಕೊಟ್ಟರು. ಮೇ ಎರಡನೆಯ ವಾರದಿಂದ ಆಗಸ್ಟ್ ಆರಂಭದವರೆಗೆ ಸೂರ್ಯ ಇಲ್ಲಿ ಮಧ್ಯಾಹ್ನ ಕೂಡ ತುಸು ಉತ್ತರಕ್ಕೇ ಇರುವುದರಿಂದ ಉತ್ತರದ ಗಾಜಿನ ಮೇಲೂ ಒಂದು ಗಿಡ್ಡ ಸಜ್ಜಾ ಬೇಕೆಂದು ಸೇರಿಸಿದರು. ಈ ಮನೆಯಲ್ಲಿ ಒಂದೂ ಕಮಾನು ಇಲ್ಲ. ಮಸೀದಿ ಈ ಮನೆಗೆ ಬಂದಿರುವುದು ಬೆಳಕಿನ ದಿಕ್ಕಿನ ರೂಪದಲ್ಲಿ.

ಬೀದರಿನಿಂದ ಅವರು ತಂದದ್ದು ಇನ್ನೊಂದು ಬಗೆಯ ತಿಳಿವಳಿಕೆ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನಚಿಪ್ಪನ್ನು ಕೂರಿಸಿದ ಕೆಲಸವಿದೆ. ಅಲಿ ಬರೀದ್ ಷಾ 1542ರಿಂದ 1580ರವರೆಗೆ ಆಳಿದ ಕಾಲದ್ದು ಅದು. ಕಪ್ಪು ಹಿನ್ನೆಲೆ, ಅದರಲ್ಲಿ ಅಳತೆಗೆ ತಕ್ಕಷ್ಟೇ ಮಿನುಗು ಎಂಬ ಅದೇ ಬುದ್ಧಿ ಬಿದ್ರಿ ಕಲೆಯಲ್ಲೂ ಇದೆ. ಹೆಚ್ಚಿನ ಪಾಲು ಸತುವು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹವನ್ನು ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಬೆರೆಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು (ಜಿಐ) ದೊರೆಯಿತು. ಬಿದ್ರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ವಿನ್ಯಾಸಗಾರ್ತಿ ಮೊದಲು ಯೋಚಿಸಿದ್ದು ಕಪಾಟುಗಳಿಗೆ ಬಿದ್ರಿಯ ಹಿಡಿಕೆಗಳನ್ನು ಮಾಡಿಸಬೇಕೆಂದು. ಬೀದರಿನ ಒಬ್ಬ ಹಿರಿಯ ಉಸ್ತಾದರ ಬಳಿ ನಕ್ಷೆ ಒಯ್ದಾಗ ಅವರು ಹಿಡಿಕೆಯ ಚಿತ್ರದ ಮೇಲೆ ಬೆರಳಿಟ್ಟು, “ದಿನಾ ಕೈ ತಾಕಿದ್ರ ಕಪ್ಪು ಹೋಗ್ತದ ಬೇಟಿ. ನೋಡೋ ಜಾಗಾದಾಗ ಇಡ್ರಿ, ಹಿಡಿಯೋ ಜಾಗಾದಾಗ ಬ್ಯಾಡ” ಎಂದರು. ಹಿಡಿಕೆಗಳ ಯೋಜನೆ ಅಲ್ಲಿಗೆ ಬಿಟ್ಟುಹೋಯಿತು. ಪಡಸಾಲೆಯ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಒಂದು ಮಾಡವಿದೆ. ಅದರ ಒಳಮೈಗೆ ಕರಿಕಲ್ಲು ಹಾಸಿ, ಹಿಂಬದಿಗೆ ಅಂಗೈಯಗಲದ ಒಂದೇ ಬಿದ್ರಿ ಫಲಕವನ್ನು ಕೂರಿಸಿದರು. ಎದುರಿನಿಂದ ಹಳದಿ ಛಾಯೆಯ ಸಣ್ಣ ದೀಪ ಬೀಳುತ್ತದೆ. ಇಡೀ ಪಡಸಾಲೆಯಲ್ಲಿ ಚಿತ್ತಾರ ಎನ್ನುವುದು ಇದೊಂದೇ, ಉಳಿದ ಗೋಡೆಗಳು ಸುಣ್ಣದ ಬಣ್ಣದಲ್ಲಿ ಸುಮ್ಮನಿವೆ. ಕಪ್ಪು ಮಾಸಿದಂತೆ ಕಂಡಾಗ ಕೊಬ್ಬರಿ ಎಣ್ಣೆಯಲ್ಲಿ ಒರೆಸಬೇಕೆಂಬುದನ್ನು ಮನೆಯವರಿಗೆ ಕಲಿಸಲಾಗಿದೆ.

ಬಣ್ಣಗಳ ವಿಷಯದಲ್ಲಿ ಅವರು ಆಗಾಗ ನೆನೆಯುವುದು ಎಸ್. ಎಂ. ಪಂಡಿತ್ ಅವರನ್ನು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಪೌರಾಣಿಕ ಚಿತ್ರಗಳ ಕ್ಯಾಲೆಂಡರುಗಳಿಂದ ಮನೆಮನೆಗೆ ಪರಿಚಿತರಾದ ಕಲಾವಿದ ಅವರು. ಒಂದೇ ಬಣ್ಣ ಬೆಳಕಿನ ಕಡೆಯಲ್ಲೂ ನೆರಳಿನ ಕಡೆಯಲ್ಲೂ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಕಾಲೇಜಿನ ದಿನಗಳಲ್ಲಿ ಆ ಚಿತ್ರಗಳಿಂದ ಕಲಿತೆ ಎನ್ನುತ್ತಾರೆ. ಬಟ್ಟೆಗಳಿಗೆ ಮನೆಯ ಹಳೆಯ ಇಳಕಲ್ ಸೀರೆಗಳಿಂದ ಹೊಲಿಸಿದ ಕೌದಿಗಳೇ ಸಾಕಾದವು.

ಚಾವಣಿ ಮಾತ್ರ ರಾಜಿಯಲ್ಲಿ ಮುಗಿಯಿತು. ತೊಲೆ ಜಂತಿಗಳು ಭಾರ ತಡೆಯುತ್ತವೆಯೇ ಎಂಬುದನ್ನು ತಾವು ಹೇಳುವಂತಿಲ್ಲ ಎಂದು ವಿನ್ಯಾಸಗಾರ್ತಿ ಒಬ್ಬ ಸಿವಿಲ್ ಎಂಜಿನಿಯರರನ್ನು ಕರೆಸಿದರು. ಗೆದ್ದಲು ಹಿಡಿದ ಕೆಲವು ಜಂತಿಗಳನ್ನು ಬದಲಿಸಿ, ಸೋರುತ್ತಿದ್ದ ಮಾಳಿಗೆಯ ಹಳೆಯ ಮಣ್ಣನ್ನು ಇಳಿಸಿ, ನೀರು ಇಳಿಯದಂತೆ ಹೊಸ ಪದರ ಹಾಕಿದರು. ಪಡಸಾಲೆಯ ಮರಕ್ಕೆ ಅಗಸೆ ಎಣ್ಣೆ ಬಳಿದು ಹಾಗೆಯೇ ತೆರೆದು ಬಿಟ್ಟರು. ಕಿರಿಯ ಮಗ ಊರಿಗೆ ಬಂದಾಗ ಇರುವ ಕೋಣೆಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್, ಅಂಚಿನಲ್ಲಿ ಅಡಗಿದ ಲೈಟು, ಟಿವಿಯ ಗೋಡೆ ಎಲ್ಲವೂ ಅವರು ಕೇಳಿದಂತೆಯೇ ಆದವು. ಈ ಕೋಣೆಯನ್ನು ವಿನ್ಯಾಸಗಾರ್ತಿ ತಮ್ಮ ಕೆಲಸದ ಚಿತ್ರಗಳಿಂದ ಹೊರಗಿಡುವುದಿಲ್ಲ. ಹಣ ಹಾಕಿದವನಿಗೆ ಆ ಮನೆಯಲ್ಲಿ ತನ್ನದೆನ್ನುವ ಒಂದು ಜಾಗ ಬೇಕು ಎಂದು ಅವರು ಹೇಳಿದ್ದು ನನಗೆ ನ್ಯಾಯವೆನಿಸಿತು.

ಈ ಕೆಲಸದ ಮಿತಿಗಳನ್ನೂ ಹೇಳಬೇಕು. ಕಲ್ಲು ಎಬ್ಬಿಸಿ, ಕೊಯ್ದು, ಮತ್ತೆ ಹಾಸುವ ಕೂಲಿ ಅಂದಾಜನ್ನು ಮೀರಿತು. ಚದರ ಅಡಿಯ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರೆ ಆಳುಗಳು ಅವಸರ ಮಾಡಿ ಕಲ್ಲಿನ ಮೂಲೆ ಮುರಿಯುತ್ತಾರೆಂದು ದಿನಗೂಲಿಗೆ ಬದಲಿಸಿದ್ದರಿಂದ ಕೆಲಸ ನಿಧಾನವಾಗಿ, ಮಾಳಿಗೆ ತೆರೆದಿದ್ದಾಗಲೇ ಮುಂಗಾರಿನ ಮೊದಲ ಮಳೆ ಬಂತು. ಟಾರ್ಪಾಲಿನ ಕೆಳಗೆ ಕುಟುಂಬ ಕೆಲವು ರಾತ್ರಿ ಕಷ್ಟಪಟ್ಟಿತು. ಸ್ನಾನದ ಮನೆಯಲ್ಲಿ ಅವರು ಆರಿಸಿದ ಕಪ್ಪು ನಲ್ಲಿಗಳ ಮೇಲೆ ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆ ಬೇಗ ಕೂತಿತು. ಸ್ಥಳದ ಗುಣವನ್ನು ಅಷ್ಟು ಬಲ್ಲವರು ಇಲ್ಲಿ ಚಂದಕ್ಕೆ ಮಣಿದರು ಎಂದೇ ನನ್ನ ಅಭಿಪ್ರಾಯ. ಇನ್ನೂ ದೊಡ್ಡ ಪ್ರಶ್ನೆಯೆಂದರೆ, ಉಳಿಸಿಕೊಳ್ಳಲು ಹಳೆಯ ಕಲ್ಲಾಗಲಿ ದಪ್ಪ ಗೋಡೆಯಾಗಲಿ ಇಲ್ಲದ ಹೊಸ ಬಡಾವಣೆಯ ಮನೆಗಳಲ್ಲಿ ಈ ಶೈಲಿಗೆ ಏನು ಕೆಲಸ ಎಂಬುದು.

ಅದಕ್ಕೆ ಅವರ ಉತ್ತರ ಈಗ ರೂಪುಗೊಳ್ಳುತ್ತಿದೆ. ಸದ್ಯ ಅವರ ಕೈಯಲ್ಲಿರುವುದು ಊರ ಹೊರಗಿನ 30×40 ಅಡಿ ನಿವೇಶನದ ಕಾಂಕ್ರೀಟ್ ಮನೆ. ಅಲ್ಲಿ ಗೋಡೆ ಏಳುವ ಮೊದಲೇ ತಮ್ಮನ್ನು ಕರೆಯಬೇಕೆಂಬ ಷರತ್ತಿನ ಮೇಲೆ ಕೆಲಸ ಒಪ್ಪಿಕೊಂಡಿದ್ದಾರೆ. ಪಶ್ಚಿಮದ ಗೋಡೆಗೆ ಮಲಗುವ ಕೋಣೆಯ ಬದಲು ಮೆಟ್ಟಿಲು ಮತ್ತು ಸ್ನಾನದ ಮನೆಗಳನ್ನು ತಂದು ಸಂಜೆಯ ಬಿಸಿಲನ್ನು ಅವುಗಳ ಮೇಲೆ ಹಾಕಿದ್ದಾರೆ, ನೆಲಕ್ಕೆ ಶಹಾಬಾದಿನ ಹೊಸ ಕಲ್ಲು ಬರಲಿದೆ, ನಲ್ಲಿಗಳು ಈ ಸಲ ಸಾದಾ ಸ್ಟೀಲಿನವು. ರೊಟ್ಟಿ ಕಟ್ಟೆಯ ಎತ್ತರದ ಜಾಗದಲ್ಲಿ ನಕ್ಷೆ ಖಾಲಿ ಇದೆ. ಆ ಮನೆಯಲ್ಲಿ ರೊಟ್ಟಿ ಮಾಡುವವರನ್ನು ನಿಲ್ಲಿಸಿ ಅಳೆದ ಮೇಲೆಯೇ ಅಲ್ಲಿ ಅಂಕಿ ಬರೆಯುವುದಾಗಿ ಗೌಂಡಿಗೆ ಹೇಳಿದ್ದಾರೆ.